ಪಂಡಿತರ ಮ್ಯಾಳದಲ್ಲಿ ನನ್ನ ಹೆಂಡತಿ

ಯೇಸುವಿನ ಮಾತು ಸಾರುತ್ತ ಎಂದೋ ಸತ್ತುಹೋದ ಅಪೊಸ್ತಲನೊಬ್ಬ ಒಂದು ಪತ್ರವನ್ನು ತಾನೇ ಬರೆದನೋ, ಇಲ್ಲ ಅವನ ಹೆಸರಿನಲ್ಲಿ ಬೇರೆ ಯಾರೋ ಬರೆದರೋ ಎಂಬ ತಕರಾರಿನಲ್ಲಿ ನನ್ನ ಹೊಟ್ಟೆ ಉರಿಯಿತು ಅಂದರೆ ನೀವು ನಗಬಹುದು. ನಕ್ಕುಬಿಡಿ. ಉರಿದದ್ದಂತೂ ಖರೆ. ಸಿಟ್ಟಾಗಿದ್ದರೆ ಒಂದು ಹೊತ್ತಿನ ಊಟಕ್ಕೆ ಇಳಿದುಹೋಗುತ್ತಿತ್ತು, ನನ್ನ ಸಿಟ್ಟು ಅಂಥದ್ದು. ಇದು ಮುಂಗಾರಿನಲ್ಲಿ ಹತ್ತಿಕೊಂಡದ್ದು ಸುಗ್ಗಿ ಬಂದರೂ ಆರಲಿಲ್ಲ.

ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರ ಸಂಜೆ ಸತ್ಯವೇದದ, ಅಂದರೆ ಬೈಬಲಿನ, ಅಭ್ಯಾಸ ನಡೆಯುತ್ತದೆ. ನಡೆಸುವವನು ನಾನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಆದ್ದರಿಂದ ಎಲ್ಲರಿಗೂ ನಾನು ಮಾಸ್ತರ. ಬರುವವರು ಹೆಚ್ಚೆಂದರೆ ಇಪ್ಪತ್ತು ಮಂದಿ: ಮಗ್ಗ ಬಿಟ್ಟು ಬೇರೆ ಬೇರೆ ಕೆಲಸ ಹಿಡಿದ ನಮ್ಮ ಓಣಿಯವರು, ಅಂತೂರ ಬೆಂತೂರದಿಂದ ಬೈಕಿನ ಮೇಲೆ ಬರುವ ಒಂದಿಬ್ಬರು ರೈತರು, ಮನೆಯಲ್ಲಿ ಸೊಸೆಯ ಧಾರಾವಾಹಿ ತಪ್ಪಿಸಿಕೊಳ್ಳಲು ಬರುವ ಕೆಲವು ಅಜ್ಜಿಯರು. ನನ್ನ ಹೆಂಡತಿ ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಾಳೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ರಾತ್ರಿ ಪಾಳಿಗಳಲ್ಲಿ ಕಳೆದುಕೊಂಡ ನಿದ್ದೆಯನ್ನೆಲ್ಲ ನನ್ನ ಪಾಠದ ಹೊತ್ತಿಗೆ ವಸೂಲು ಮಾಡಿಕೊಳ್ಳುತ್ತಾಳೆ. ಇದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮಾಸ್ತರರ ಹೆಂಡತಿಯರಿಗೆ ಅಷ್ಟು ಹಕ್ಕು ಇರಬೇಕು ಎಂದುಕೊಂಡಿದ್ದೆ.

ಆಗ ಮುಂಡರಗಿಯಿಂದ ಅವರು ಬಂದರು. ದೂರದ ಊರಿನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ವೇದಶಾಲೆಯೊಂದರಲ್ಲಿ ಗ್ರೀಕ್ ಕಲಿಸಿ, ಹೆಂಡತಿ ತೀರಿಕೊಂಡ ಮೇಲೆ ಮುಂಡರಗಿಯ ಅಣ್ಣನ ಮನೆಗೆ ಬಂದು ನೆಲೆಸಿದವರು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬಂದು ರಾತ್ರಿಯ ಬಸ್ಸಿಗೆ ಮರಳುತ್ತಿದ್ದರು. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಆದರೆ ತಲೆ ತುಂಬ ಕೂದಲು. ಅಂಗಿಗೆ ಇಸ್ತ್ರಿ ತಾವೇ ಹಾಕಿಕೊಳ್ಳುತ್ತಾರಂತೆ. ಇದನ್ನು ನನ್ನ ಹೆಂಡತಿ ನನಗೆ ಯಾಕೆ ಹೇಳಿದಳೋ ದೇವರಿಗೆ ಗೊತ್ತು. ಬಂದು ಒಂದು ತಿಂಗಳು ತುಂಬುವುದರೊಳಗೆ ಸಭೆಯವರು ಅವರನ್ನು ಪಂಡಿತರು ಎನ್ನತೊಡಗಿದರು. ಇಷ್ಟು ವರ್ಷ ಪಾಠ ಹೇಳಿದ ನಾನು ಮಾಸ್ತರನಾಗಿಯೇ ಉಳಿದೆ.

ಒಂದು ಸಂಜೆ ನಾವು ಓದುತ್ತಿದ್ದದ್ದು, ಅಪೊಸ್ತಲನು ಸೆರೆಮನೆಯಿಂದ ತನ್ನ ಕಿರಿಯ ಶಿಷ್ಯನಿಗೆ ಬರೆದದ್ದೆಂದು ಎಲ್ಲರೂ ನಂಬಿಕೊಂಡು ಬಂದಿರುವ ಪತ್ರ. ಸಾವು ಹತ್ತಿರ ಬಂದಿದೆ, ನೀನು ಧೈರ್ಯದಿಂದಿರು ಎನ್ನುವ ಧಾಟಿಯದು. ನಮ್ಮಲ್ಲಿ ಮಣ್ಣು ಕೊಡುವಾಗ ಓದುವುದು ಇದನ್ನೇ. ಪಂಡಿತರು ಕೈಯೆತ್ತಿ, ಅನುಮತಿ ಕೇಳಿ, ಮೆಲ್ಲಗೆ ಹೇಳಿದರು: ಈ ಪತ್ರ ಅಪೊಸ್ತಲನ ಕೈಯದ್ದಲ್ಲ ಎನ್ನುವ ವಿದ್ವಾಂಸರು ಬಹಳ ಮಂದಿ ಇದ್ದಾರೆ, ತಮಗೂ ಹಾಗೇ ಅನಿಸುತ್ತದೆ. ಅವನ ಬೇರೆ ಪತ್ರಗಳಲ್ಲಿ ಇಲ್ಲದ ಶಬ್ದಗಳು ಇದರಲ್ಲಿ ತುಂಬಿವೆ. ಇದರ ಜೊತೆಗೇ ಬರುವ, ಇದೇ ಕೈಯವು ಎನಿಸುವ ಇನ್ನೆರಡು ಪತ್ರಗಳಲ್ಲಿ ಸಭೆಗೆ ಅಧ್ಯಕ್ಷ, ಸೇವಕ ಎಂದೆಲ್ಲ ಹುದ್ದೆಗಳ ವ್ಯವಸ್ಥೆ ಇದೆ, ಅದು ಅವನ ಕಾಲಕ್ಕಿಂತ ಈಚಿನದು.

"ಹಂಗಾದ್ರ ಸುಳ್ಳ ಬರದಾರೇನ್ರಿ?" ಎಂದು ಒಬ್ಬರು ಕೇಳಿದರು.

"ಸುಳ್ಳ ಅನ್ನಬ್ಯಾಡ್ರಿ" ಎಂದರು ಪಂಡಿತರು. "ನಮ್ಮ ಹಳ್ಳಿ ಭಜನಿ ಮ್ಯಾಳದಾಗ ಶಿಷ್ಯಾ ಹೊಸಾ ಪದಾ ಕಟ್ಟತಾನ. ಕೊನೀ ನುಡಿಯೊಳಗ ಯಾರ ಅಂಕಿತ ಹಾಕತಾನ? ತಂದಲ್ಲ, ಗುರುವಿಂದು. ಅದಕ್ಕ ಯಾರರ ಕಳವು ಅಂತಾರೇನು? ಹಂಗ ಇದು."

ಕೊನೆಯ ಬೆಂಚಿನಲ್ಲಿ ನನ್ನ ಹೆಂಡತಿ ಗೋಡೆ ಬಿಟ್ಟು ಮುಂದೆ ಬಾಗಿ ಕೂತಳು. ನಾನು ನೋಡಿದೆ. ಅವಳ ಕಣ್ಣು ಪೂರ್ತಿ ತೆರೆದಿತ್ತು. ಮನೆಗೆ ನಡೆದು ಹೋಗುವಾಗ ಅಂದಳು: "ಎಂಥಾ ಮಾತ ಹೇಳಿದ್ರ ನೋಡ್ರಿ ಅವ್ರು. ಅಂಕಿತದ್ದು. ನಂಗ ಎಂದೂ ಹೊಳದಿದ್ದಿಲ್ಲ."

ಈಗ ಕೇಳಿ. ಅದೇ ಮಾತನ್ನು, ಅದೇ ಅಂಕಿತದ ಉದಾಹರಣೆ ಕೊಟ್ಟು, ನಾನು ಇವಳಿಗೆ ಹೇಳಿದ್ದೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದ್ದ ದಿನ, ಪಕ್ಕದಲ್ಲಿ ಕೂತು, ಪುಸ್ತಕ ತೆರೆದು, ಶಬ್ದ ಶಬ್ದ ತೋರಿಸಿ ಹೇಳಿದ್ದೆ. ಸಭೆಯಲ್ಲಿ ಹೇಳಿದರೆ ಹಿರಿಯರು ನೊಂದುಕೊಂಡಾರು ಎಂದು ಅವಳೊಬ್ಬಳಿಗೇ ಹೇಳಿದ್ದೆ. ಅವಳು "ಹೌದೇನ್ರಿ" ಎಂದಳು, ಆಮೇಲೆ "ಹಾಲ ಉಕ್ಕಾಕತ್ತಾವ" ಎಂದು ಕೆಳಗಿಳಿದು ಹೋದಳು. ಆ ಹಾಲಿನ ಜೊತೆ ನನ್ನ ವಿಚಾರವೂ ಉಕ್ಕಿ ಒಲೆಗೆ ಬಿದ್ದಿತೋ ಏನೋ. ದಾರಿಯಲ್ಲಿ ಇದನ್ನು ನೆನಪಿಸಬೇಕೆಂದು ಬಾಯಿ ತೆರೆದೆ. "ಅದನ್ನ ನಾನ ಮೊದಲ ಹೇಳಿದ್ದೆ" ಎಂದು ಹೆಂಡತಿಯ ಮುಂದೆ ಗಲಾಟೆ ಮಾಡುವ ಗಂಡ ಎಷ್ಟು ಸಣ್ಣವನಾಗಿ ಕಾಣುತ್ತಾನೆ ಎಂಬುದು ಹೊಳೆದು ಬಾಯಿ ಮುಚ್ಚಿದೆ. ಒಳಗೆ ಕಿಚ್ಚು ಹತ್ತಿತು.

ಮುಂದಿನ ವಾರದಿಂದ ಪಂಡಿತರು ಬಸ್ಸಿನ ಹೊತ್ತಿನವರೆಗೆ ನಮ್ಮ ಮನೆಗೆ ಚಹಾಕ್ಕೆ ಬರತೊಡಗಿದರು. ಕರೆದವಳು ಅವಳು. ಅವರಿಗೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ. ಎಣ್ಣೆಯದು ಬೇಡ ಎಂದು ನನಗೆ ಡಾಕ್ಟರರು ಹೇಳಿದ್ದರಿಂದ, ಅವಳು ನರ್ಸ್ ಆದ್ದರಿಂದ, ನನ್ನ ತಟ್ಟೆಯಲ್ಲಿ ಬರೀ ಮಂಡಕ್ಕಿ. ಪಂಡಿತರು ಮಿರ್ಚಿ ಮುರಿದು ಬಾಯಿಗಿಡುತ್ತ, "ಸಿಸ್ಟರ್, ಇಂಥಾ ಮಿರ್ಚಿ ಗದಗ ಬಿಟ್ಟರ ಎಲ್ಲೂ ಸಿಗೂದಿಲ್ಲ" ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ಅದು ನನಗೆ ಗೊತ್ತಿದ್ದ ನಗುವೇ, ಆದರೆ ಬಹಳ ದಿನ ನನ್ನ ಕಡೆ ಬಂದಿರಲಿಲ್ಲ.

ಮನುಷ್ಯ ಎಷ್ಟು ವಿಚಿತ್ರ ನೋಡಿ. ಅಂದಿನಿಂದ ನಾನು ಆ ಪತ್ರ ಅಪೊಸ್ತಲನದೇ ಎಂದು ವಾದಿಸತೊಡಗಿದೆ. ನಾನು ನಂಬದ ಮಾತನ್ನು ಹಟ ಹಿಡಿದು ಹೇಳಿದೆ. ಪಂಡಿತರು ಎಡ ಅಂದರೆ ನಾನು ಬಲ. ತನ್ನ ಗಂಡನ ಗೋರಿಯ ಮೇಲೆ ಆ ಪತ್ರದ ಮಾತನ್ನೇ ಕೆತ್ತಿಸಿದ್ದ ಅಜ್ಜಿಯೊಬ್ಬಳು ನನ್ನ ಕೈ ಹಿಡಿದು, "ನೀನರ ನಮ್ಮ ಕಡೆ ಅದಿ, ಮಾಸ್ತರ" ಎಂದಾಗ ಸ್ವಲ್ಪ ಕಸಿವಿಸಿಯಾಯಿತು. ಆದರೂ ನಿಲ್ಲಿಸಲಿಲ್ಲ. ಅಭ್ಯಾಸ ಜಗಳವಾಯಿತು. ಅಪೊಸ್ತಲನ ಹೆಸರಿನ ಇನ್ನೊಂದು ಪತ್ರದಲ್ಲಿ, ನನ್ನ ಹೆಸರಿನಲ್ಲಿ ಯಾರಾದರೂ ಪತ್ರ ತಂದರೆ ನಂಬಿ ಗಾಬರಿಯಾಗಬೇಡಿ ಎಂಬ ಎಚ್ಚರಿಕೆ ಇದೆ. ಅದನ್ನು ನಾನು ತೋರಿಸಿದರೆ ಪಂಡಿತರು, "ಆ ಪತ್ರಾ ಆತಂದೋ ಅಲ್ಲೋ ಅಂತನೂ ತಕರಾರ ಐತ್ರಿ" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಒಂದು ರಜೆಯ ದಿನ ಮೂವರೂ ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯಕ್ಕೆ ಹೋದೆವು. ಪಂಡಿತರು ನೋಡಿಲ್ಲವಂತೆ, ತೋರಿಸಬೇಕಂತೆ. ನಾನು ರೊಟ್ಟಿಯ ಚೀಲ ಹೊತ್ತು ಹಿಂದೆ, ಅವರಿಬ್ಬರು ಮಾತಾಡುತ್ತ ಮುಂದೆ. ಹುಲಿಯ ಆವರಣದ ಹತ್ತಿರ ಬಹಳ ಹೊತ್ತು ನಿಂತರು. ಹುಲಿ ಮಲಗಿತ್ತು, ಅವರು ಅದನ್ನು ನೋಡುತ್ತಲೂ ಇರಲಿಲ್ಲ. ಪಂಡಿತರು ಏನೋ ಕೇಳಿದರು. ಅವಳು ಒಂದು ಕೈಯಿಂದ ಭುಜದ ಮೇಲೆ ಏನೋ ಹೊದೆಸಿದ ಹಾಗೆ ಮಾಡಿ ತೋರಿಸುತ್ತ ಉದ್ದಕ್ಕೂ ಹೇಳಿದಳು. ನಾನು ಹತ್ತಿರ ಬಂದಾಗ ಮಾತು ರೊಟ್ಟಿಗೆ ತಿರುಗಿತು. ಏನು ವಿಷಯ ಎಂದು ಕೇಳುವುದು ನನ್ನ ಮರ್ಯಾದೆಗೆ ಕಡಿಮೆ ಎನಿಸಿ ಕೇಳಲಿಲ್ಲ.

ಜಗಳ ಹೀಗೇ ಬೆಳೆದರೆ ಸಭೆ ಒಡೆದೀತು ಎಂದು ಹಿರಿಯರಿಗೆ ಚಿಂತೆಯಾಯಿತು. ಆಗ ಅಂತೂರ ಬೆಂತೂರದ ಹಿರಿಯ ರೈತರೊಬ್ಬರು ದಾರಿ ಹೇಳಿದರು. ಅವರು ಹರೆಯದಲ್ಲಿ ಗೀಗೀ ಪದದ ಮ್ಯಾಳದಲ್ಲಿ ಡಪ್ಪು ಬಾರಿಸಿದವರು. ಗೀಗೀ ಪದದಲ್ಲಿ ಹರದೇಶಿ ಮ್ಯಾಳದವರು ಶಿವ ದೊಡ್ಡವನು ಎನ್ನುತ್ತಾರೆ, ನಾಗೇಶಿಯವರು ಶಕ್ತಿ ದೊಡ್ಡವಳು ಎನ್ನುತ್ತಾರೆ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು. ಜವಾಬು ಸಿಗದೆ ನಿಂತವರು ಸೋತರು.

"ಸುಗ್ಗಿ ಹಬ್ಬದ ದಿವಸ ಇದನ್ನೂ ಹಂಗ ಮಾಡಿಬಿಡ್ರಿ" ಎಂದರು ಆ ಹಿರಿಯರು. "ಎರಡು ಮ್ಯಾಳಾ ಕುಂಡ್ರಲಿ. ಎದಿಯೊಳಗ ಇದ್ದದ್ದೆಲ್ಲಾ ಅಲ್ಲೇ ತೀರಲಿ. ಸೋತ ಮ್ಯಾಳದವ್ರು ಎಲ್ಲಾರಿಗೂ ಚಾ ಕುಡಸಬೇಕು. ಆತು, ಮರದಿವಸದಿಂದ ಆ ಮಾತ ಬಂದ್."

ಎಲ್ಲರಿಗೂ ಇದು ಬಲು ಹಿಡಿಸಿತು. ವಿದ್ವಾಂಸರು ಇಷ್ಟು ಶತಮಾನ ಗುದ್ದಾಡಿದ ಪ್ರಶ್ನೆಯನ್ನು ಒಂದು ಚಹಾದಲ್ಲಿ ಮುಗಿಸಲು ನಮ್ಮವರಿಗೆ ಮಾತ್ರ ಸಾಧ್ಯ. ಹಿರಿಯ ಮ್ಯಾಳ ಮೊದಲು ಪಕ್ಷ ಆರಿಸಿಕೊಳ್ಳಬೇಕು ಎಂದರು. ಪಂಡಿತರು ಕೈ ಮುಗಿದು, "ಇಲ್ಲೆ ಮಾಸ್ತರ ಹಿರಿಯರು, ಅವ್ರ ಆರಿಸಲಿ" ಎಂದರು. ಈ ದೊಡ್ಡಸ್ತಿಕೆಯೂ ನನಗೆ ಚುಚ್ಚಿತು. ನಾನು ಒಂದು ಗಳಿಗೆಯೂ ಯೋಚಿಸದೆ, "ಪತ್ರಾ ಅಪೊಸ್ತಲಂದಲ್ಲ. ಇದು ನನ್ನ ಪಕ್ಷ" ಎಂದೆ. ಇಷ್ಟು ದಿನ ವಾದಿಸಿದ್ದಕ್ಕೆ ಉಲ್ಟಾ ಹೊಡೆದದ್ದು ಕಂಡು ಸಭೆ ಹೋ ಎಂದಿತು. ಗೋರಿಯ ಅಜ್ಜಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಪಂಡಿತರು ಮಾತ್ರ ನಕ್ಕು, "ಆಗಲಿ, ನಾ ಅಪೊಸ್ತಲನ ಕಡೆ" ಎಂದರು.

ನನ್ನ ಲೆಕ್ಕ ಸರಳವಿತ್ತು. ಅದು ಗೆಲ್ಲುವ ಪಕ್ಷ. ಅದು ನನ್ನ ಪಕ್ಷವೂ ಹೌದು, ಮಾಳಿಗೆಯ ಮೇಲೆ ಹುಟ್ಟಿದ್ದು. ಅವರ ಬಾಯಿಂದ ಕಸಿದುಕೊಂಡು ಎಲ್ಲರೆದುರು ನಾನೇ ಹೇಳಬೇಕು, ಅದನ್ನು ಕೇಳುತ್ತ ಅವಳು ಒಮ್ಮೆ, ಒಂದೇ ಒಮ್ಮೆ, ಅವರನ್ನು ನೋಡಿದ ಹಾಗೆ ನನ್ನನ್ನು ನೋಡಬೇಕು. ನನಗೆ ಬೇಕಾಗಿದ್ದು ಅಷ್ಟೇ. ಅಪೊಸ್ತಲ ಬರೆದರೂ ಸರಿ, ಬಿಟ್ಟರೂ ಸರಿ.

ಪುಸ್ತಕಗಳನ್ನು ಇಳಿಸಿಕೊಂಡು ತಯಾರಿ ನಡೆಸಿದೆ. ಮ್ಯಾಳದಲ್ಲಿ ಮುಂದಾಳಿನ ಹಿಂದೆ ನಾಲ್ಕು ಮಂದಿ ಕೂರಬೇಕು, ಅವರೂ ಸವಾಲು ಹಾಕಬಹುದು. ನನ್ನ ಕಡೆ ಯಾರು ಯಾರು ಎಂದು ಎಣಿಸುತ್ತ, ಹೆಂಡತಿಯನ್ನು ಮೊದಲೇ ಸೇರಿಸಿಕೊಂಡಿದ್ದೆ. ಹಬ್ಬದ ಹಿಂದಿನ ದಿನ ಅವಳು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

"ನಾಳೆ ನನ್ನ ಬಲಕ್ಕ ಕುಂಡ್ರು" ಎಂದೆ.

"ನಾ ಪಂಡಿತರ ಮ್ಯಾಳದಾಗ ಅದೀನಲ್ರಿ."

ತಮಾಷೆ ಎಂದುಕೊಂಡೆ. ಅವಳು ಸೀರೆಯ ಮಡಿಕೆ ತಿರುಗಿಸಿ ಇಸ್ತ್ರಿ ಒತ್ತಿದಳು.

"ಯಾವಾಗ ಆತು ಇದು?"

"ಬಿಂಕದಕಟ್ಟ್ಯಾಗ. ಸಿಸ್ಟರ್, ಈ ಪತ್ರದ ಬಗ್ಗೆ ನಿಮಗೇನ ಅನಸತೈತಿ ಅಂತ ಕೇಳಿದ್ರು. ನನಗ ಅನಿಸಿದ್ದ ಹೇಳಿದೆ. ಅದು ಈಗ ಅವ್ರ ಪಕ್ಷಕ್ಕ ಬಂದೈತಿ, ನಾ ಏನ ಮಾಡ್ಲಿ?"

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ" ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ಆರೋಪವೂ ಇರಲಿಲ್ಲ. ಜಗಳಕ್ಕಾದರೂ ಬಂದಿದ್ದರೆ ಚೆನ್ನಾಗಿತ್ತು. ನಾನು ಪುಸ್ತಕ ಎತ್ತಿಕೊಂಡು ಹೊರಗೆ ಕಟ್ಟೆಗೆ ಹೋಗಿ ಕೂತೆ. ಕೇಳಲಿಲ್ಲವಂತೆ. ಹೇಳುವವರು ಕೇಳಲಿ ಎಂದು ಕಾಯುತ್ತಾರೆಯೇ? ನಾನೇನು ಕಾದಿದ್ದೆನೇ? ಒಂದು ಪುಟ ತಿರುವಿದೆ, ಒಂದಕ್ಷರ ತಲೆಗೆ ಹೋಗಲಿಲ್ಲ.

ಸುಗ್ಗಿ ಹಬ್ಬದ ದಿನ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದಲೂ ಜನ ಬಂದರು. ಆರಾಧನೆ, ಊಟ, ಅರ್ಪಿಸಿದ ಕುಂಬಳಕಾಯಿ ಜೋಳಗಳ ಹರಾಜು ಎಲ್ಲ ಮುಗಿದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ ಸಭಾಂಗಣದಲ್ಲಿ ಎದುರುಬದುರು ಎರಡು ಜಮಖಾನೆ ಹಾಸಿದರು. ಅಂತೂರ ಬೆಂತೂರದ ಹಿರಿಯರು ನಡುವೆ ಡಪ್ಪು ಹಿಡಿದು ಕೂತರು. ಎದುರಿನ ಜಮಖಾನೆಯ ಮೇಲೆ, ಪಂಡಿತರ ಬಲಕ್ಕೆ, ಹಿಂದಿನ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ನನ್ನ ಹೆಂಡತಿ.

ಮೊದಲ ಸವಾಲು ನನ್ನದು. ಶಬ್ದಗಳ ಮಾತೆತ್ತಿದೆ: ಒಬ್ಬನೇ ಮನುಷ್ಯನ ಪತ್ರಗಳಲ್ಲಿ ಇಷ್ಟು ಬೇರೆ ಬೇರೆ ಮಾತು ಹೇಗೆ ಬಂತು? ಪಂಡಿತರು ನಗುತ್ತ ಎದ್ದರು. "ಜೇಲಿನ್ಯಾಗ ಇದ್ದಾಂವ ಬಾಯಿಲೆ ಹೇಳಿ ಬರಸತಾನ. ಬರಕೊಳ್ಳಾಂವ ತನ್ನ ಮಾತ ಸೇರಸತಾನ. ಅದಿರಲಿ ಮಾಸ್ತರ, ನೀವು ಲಗ್ನ ಆದ ಹೊಸದಾಗಿ ಸಿಸ್ಟರಗೆ ಆಡತಿದ್ದ ಮಾತು, ಈಗ ಆಡೂ ಮಾತು, ಎರಡೂ ಒಂದ ಅದಾವೇನ್ರಿ?" ಸಭೆಯಲ್ಲಿ ನಗೆ ಎದ್ದಿತು. ಡಪ್ಪು ಬಿತ್ತು. ನಾನೂ ನಕ್ಕ ಹಾಗೆ ಮಾಡಿದೆ.

ಹುದ್ದೆಗಳ ಸವಾಲು ಹಾಕಿದೆ. ಅಧ್ಯಕ್ಷ, ಸೇವಕ ಇವೆಲ್ಲ ಹುಟ್ಟಲು ಕಾಲ ಹಿಡಿಯಲಿಲ್ಲವೇ ಎಂದೆ. "ನಾಕ ಮಂದಿ ಕೂಡಿದ್ರ ಅಧ್ಯಕ್ಷ ಹುಟ್ಟಾಕ ಎಷ್ಟ ಹೊತ್ತು ಬೇಕ್ರಿ?" ಎಂದರು ಪಂಡಿತರು. "ನಮ್ಮ ಸಭಾದಾಗ ಬೆಂಚ ಬರೂಕ್ಕಿಂತ ಮೊದಲ ಅಧ್ಯಕ್ಷರು ಬಂದಿದ್ರು." ಅಧ್ಯಕ್ಷರೇ ಮೊದಲು ನಕ್ಕರು. ತಾವು ನಂಬದ ಪಕ್ಷವನ್ನು ಇಷ್ಟು ಸಲೀಸಾಗಿ ಆಡುವ ಆ ಮನುಷ್ಯನನ್ನು ನೋಡುತ್ತ, ಹೊಟ್ಟೆಯುರಿಯ ಜೊತೆಗೆ ನನಗೆ ಮೆಚ್ಚುಗೆಯೂ ಬಂತು. ಮೆಚ್ಚುಗೆ ಬಂದದ್ದಕ್ಕೆ ಇನ್ನಷ್ಟು ಉರಿಯಿತು.

ಆಮೇಲೆ ಅವರ ಸರದಿ. ಪಂಡಿತರು ಏಳಲಿಲ್ಲ. "ನಮ್ಮ ಸವಾಲು ನಂದಲ್ಲ, ಸಿಸ್ಟರದ್ದು. ಅವ್ರ ಹಾಕತಾರ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನನ್ನ ಹೆಂಡತಿ ಎದ್ದು ಸೆರಗು ಸರಿಮಾಡಿಕೊಂಡಳು. ಆ ಸಭೆಯಲ್ಲಿ ಅವಳು ನಿಂತು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಆಸ್ಪತ್ರ್ಯಾಗ ಸಾಯೂ ಮಂದೀನ ಭಾಳ ನೋಡೇನಿ" ಎಂದಳು. "ಅವ್ರು ದೊಡ್ಡ ಮಾತ ಆಡಿದ್ರೂ ಕೊನಿಗೆ ಕೇಳೂದು ಹೊದಿಯಾಕ. ಈ ಪತ್ರದಾಗೂ ಹಂಗ ಐತಿ. ಎಲ್ಲಾ ಉಪದೇಶ ಆದ ಮ್ಯಾಲೆ, ಒಬ್ಬರ ಮನ್ಯಾಗ ಬಿಟ್ಟ ಬಂದ ಮೇಲಂಗಿ ತಗೊಂಡ ಬಾ, ಚಳಿಗಾಲ ಬರೂದ್ರೊಳಗ ಬಂದ ಮುಟ್ಟು ಅಂತಾನ. ಬ್ಯಾರೆಯವ್ರು ಕುಂತ ಬರದದ್ದಾದ್ರ ಅವ್ರಿಗೆ ಉಪದೇಶ ಸಾಕಿತ್ತು. ಮೇಲಂಗಿ ಯಾಕ ಬೇಕಿತ್ತು? ಜವಾಬ ಕೊಡ್ರಿ, ಮಾಸ್ತರ."

ಅವಳು ನನ್ನನ್ನು ಮಾಸ್ತರ ಎಂದು ಕರೆದದ್ದು ಅದೇ ಮೊದಲು. ಸಭೆ ನನ್ನ ಕಡೆ ತಿರುಗಿತು. ಪುಸ್ತಕದ ಜವಾಬು ನನ್ನ ಬಳಿ ಸಿದ್ಧವಿತ್ತು: ಓದುವವರು ನಂಬಲಿ ಎಂದೇ ಇಂಥ ಸಣ್ಣ ವಿವರಗಳನ್ನು ಸೇರಿಸುತ್ತಾರೆ. ಹಾಗೆಂದರೆ ಆ ಮೇಲಂಗಿ ಒಂದು ಉಪಾಯವಾಗುತ್ತಿತ್ತು. ಅವಳ ಮುಖ ನೋಡಿಕೊಂಡು ಅದನ್ನು ಹೇಳಲು ಬಾಯಿ ಬರಲಿಲ್ಲ. ಡಪ್ಪಿನ ಮೇಲೆ ಹಿರಿಯರ ಬೆರಳು ಆಡತೊಡಗಿತು, ಹೊತ್ತು ಮೀರುತ್ತಿದೆ ಎಂಬ ಸೂಚನೆ. ಎದ್ದು ನಿಂತೆ.

"ಮೇಲಂಗಿ ಕೇಳಿದ್ದು ಖರೆ" ಎಂದೆ. "ಅಪೊಸ್ತಲ ಖರೇನ ಕೇಳಿದ್ದ. ಪತ್ರದಾಗ ಅಲ್ಲ, ಜೇಲಿನ್ಯಾಗ, ಬಾಯಿಲೆ. ಕೇಳಿಸಿಕೊಂಡಾಂವ ಒಬ್ಬ ಶಿಷ್ಯಾ. ತರತೇನಿ ಅಂತ ಹೋದ. ಆತ ಬರೂದ್ರೊಳಗ ಚಳಿಗಾಲ ಬಂತು, ಗುರುವಿನ ಜೀವಾ ತಗದಿದ್ರು. ಭಾಳ ವರ್ಷ ಆದ ಮ್ಯಾಲೆ ಆ ಶಿಷ್ಯಾ ಗುರುವಿನ ಹೆಸರಲೆ ಪತ್ರಾ ಬರ್ಯಾಕ ಕುಂತ. ಉಪದೇಶ ಎಲ್ಲಾ ಬರದ. ಬರದ ಮ್ಯಾಲೂ ಕೈ ಮುಂದಕ್ಕ ಹೋತು. ಮುಟ್ಟಸಾಕ ಆಗಲಾರದ ಮೇಲಂಗಿ ಅದು. ಅದನ್ನ ಬಿಟ್ಟು ಪತ್ರಾ ಮುಗಸಾಕ ಆತಗ ಆಗಲಿಲ್ಲ."

ಇದು ಯಾವ ಪುಸ್ತಕದಲ್ಲೂ ಇಲ್ಲ. ನಿಂತಲ್ಲೇ ಬಂದದ್ದು. ಗೋರಿಯ ಅಜ್ಜಿ ಮೂಗು ಒರೆಸಿಕೊಂಡಳು. ಹಿರಿಯರು ಪಂಡಿತರ ಕಡೆ ನೋಡಿದರು. ಪಂಡಿತರು ಕೈ ಜೋಡಿಸಿ, "ಇದಕ್ಕ ನಮ್ಮಲ್ಲಿ ಜವಾಬಿಲ್ಲ" ಎಂದರು. ಡಪ್ಪು ಜೋರಾಗಿ ಬಿತ್ತು. ನಾನು ಗೆದ್ದೆ.

ಜನ ಏಳುತ್ತಿದ್ದರು, ಯಾರೋ ನನ್ನ ಬೆನ್ನು ತಟ್ಟುತ್ತಿದ್ದರು. ನಾನು ನೋಡಿದ್ದು ಅವಳನ್ನು. ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡಳು, ಮುಖ ಎತ್ತಿದಳು, ಪಕ್ಕಕ್ಕೆ ತಿರುಗಿದಳು. ಪಂಡಿತರು ಹುಬ್ಬು ಹಾರಿಸಿ, ಸೋತೆವಲ್ಲ ಸಿಸ್ಟರ್ ಎನ್ನುವ ಹಾಗೆ ಅಂಗೈ ಬಿಚ್ಚಿ ತೋರಿಸಿದರು. ಇಬ್ಬರೂ ನಕ್ಕರು. ಜೊತೆಗೆ ಸೋತವರು ಹೀಗೂ ನಗುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ಕರಾರಿನಂತೆ ಸೋತ ಮ್ಯಾಳ ಚಹಾ ಮಾಡಿತು. ಹಿಂದಿನ ಅಡಿಗೆಕೋಣೆಯಿಂದ ಪಾತ್ರೆಗಳ ಸದ್ದು, ಶುಂಠಿ ಜಜ್ಜುವ ಸದ್ದು, ಆಗಾಗ ಅವಳ ನಗು. ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ, ಲಕ್ಷ್ಮೇಶ್ವರದಿಂದ ಬಂದವರೊಬ್ಬರು ಮುಂದಿನ ವರ್ಷ ತಮ್ಮ ಊರಿಗೂ ಬಂದು ಇದನ್ನು ಆಡಬೇಕೆಂದು ಕೇಳಿಕೊಳ್ಳುತ್ತಿದ್ದರು. ಹೂಂ ಹೂಂ ಎನ್ನುತ್ತಿದ್ದೆ, ಕಿವಿ ಅಡಿಗೆಕೋಣೆಯಲ್ಲಿತ್ತು. ಪಂಡಿತರು ತಟ್ಟೆ ಹಿಡಿದು, ಅವಳು ಲೋಟ ಎತ್ತಿ ಕೊಡುತ್ತ, ಇಬ್ಬರೂ ಸಾಲಾಗಿ ಬಂದರು. ನನ್ನ ಹತ್ತಿರ ನಿಂತು, "ತಗೋರಿ, ಗೆದ್ದವ್ರು" ಎಂದಳು. ಮುಂದಿನವರಿಗೆ ಕೊಡಲು ಹೋದಳು. ನಾನು ಆ ಚಹಾ ಕುಡಿದೆ. ಗೆದ್ದವನಿಗೆ ಎದ್ದು ಹೋಗಿ ಲೋಟ ತೊಳೆಯುವ ಹಕ್ಕೂ ಇರಲಿಲ್ಲ.

ಪಂಡಿತರನ್ನು ಬಸ್ಸು ಹತ್ತಿಸಿ ಇಬ್ಬರೂ ಮನೆಯ ಕಡೆ ನಡೆದೆವು. ಓಣಿಯಲ್ಲಿ ಒಂದು ಮನೆಯಲ್ಲಿ ಮಗ್ಗ ಇನ್ನೂ ನಡೆಯುತ್ತಿತ್ತು. ಅವಳು ಅದರ ಹತ್ತಿರ ಬಂದಾಗ ಎಂದಿನಂತೆ ಒಳಗೆ ಇಣುಕಿ, ಮನೆಯವರನ್ನು ಮಾತಾಡಿಸಿ ಬಂದಳು. ನಾನು ಕಾದು ನಿಂತಿದ್ದೆ. ಇಷ್ಟು ದೂರ ಬಂದರೂ ಅವಳು ನನ್ನ ಜವಾಬಿನ ಬಗ್ಗೆ ಒಂದು ಮಾತೂ ಎತ್ತಿರಲಿಲ್ಲ. ಕೊನೆಗೆ ತಡೆಯಲಾಗದೆ ನಾನೇ ಬಾಯಿ ಬಿಟ್ಟೆ.

"ನನ್ನ ಜವಾಬು ನಿನಗ ಹೆಂಗ ಅನಿಸ್ತು?"

ಅವಳು ನಿಂತಳು. ತಿರುಗಿ ನನ್ನ ಮುಖವನ್ನೇ ನೋಡಿದಳು. ಬೀದಿದೀಪದ ಕೆಳಗೆ ಆ ಕಣ್ಣು ಎಷ್ಟೋ ದಿನಗಳ ಮೇಲೆ ಪೂರ್ತಿ ನನ್ನ ಮೇಲಿತ್ತು. ನನ್ನ ಎದೆ ಹಗುರಾಯಿತು.

"ಭಾಳ ಛಲೋ ಇತ್ರಿ" ಎಂದಳು. "ಚಾ ಸೋಸುವಾಗ ಪಂಡಿತರೂ ಹಂಗ ಅಂದ್ರು."